ನಿಲ್ಲುವ ನಾಯಿ, ಎಬ್ಬಿಸುವ ನಾಯಿ

ಕತಾರಿನ ಅಲ್ ವುಕೈರ್‌ನ ನಮ್ಮ ಕಟ್ಟಡದ ನಾಲ್ಕನೇ ಮಾಳಿಗೆಯಲ್ಲಿ ಫಿಲಿಪ್ಪೀನಿನ ಒಬ್ಬ ನರ್ಸ್ ಇದ್ದಾಳೆ, ಒಂದು ನಾಯಿ ಸಾಕಿದ್ದಾಳೆ. ಶುಕ್ರವಾರ ಬೆಳಿಗ್ಗೆ ಅದಕ್ಕೆ ಸ್ನಾನ. ಮೀಯಿಸಿ, ಟವೆಲಿನಲ್ಲಿ ಸುತ್ತಿ, ಒಣಗಿಸಲಿಕ್ಕೆಂದು ಕೆಳಗೆ ಬಿಸಿಲಿಗೆ ಕರೆದುಕೊಂಡು ಹೋಗುತ್ತಾಳೆ. ಅವಳು ಇಳಿದು ಹೋದ ಮೇಲೂ ಲಿಫ್ಟಿನೊಳಗೆ ಒದ್ದೆ ನಾಯಿಯ ವಾಸನೆ ಉಳಿದಿರುತ್ತದೆ. ಮೀನು ತರಲೆಂದು ಹೊರಟ ನಾನು ಅಭ್ಯಾಸಬಲದಿಂದ ಅಬಾಯದ ಅಂಚನ್ನು ಎತ್ತಿ ಹಿಡಿದು, ಗೋಡೆಗೆ ಎಲ್ಲೂ ತಾಗದ ಹಾಗೆ ನಟ್ಟನಡುವೆ ನಿಲ್ಲುತ್ತೇನೆ. ಬಾಗಿಲು ಮುಚ್ಚಿದ ಮೇಲೆ, ಯಾರೂ ನೋಡುತ್ತಿಲ್ಲ ಅಂತ ಖಾತ್ರಿಯಾದ ಮೇಲೆ, ಎದೆ ತುಂಬ ಉಸಿರೆಳೆದುಕೊಳ್ಳುತ್ತೇನೆ. ಆ ವಾಸನೆಗೆ ಒದ್ದೆ ಮರಳಿನ ವಾಸನೆ ಸೇರಬೇಕು, ಮೇಲಿಂದ ಸ್ವಲ್ಪ ತೆಂಗಿನೆಣ್ಣೆ ಸೇರಬೇಕು. ಆಗ ಅದು ಪೂರ್ತಿ ನನ್ನ ಉಪ್ಪನ ಕೈ. ನಮ್ಮ ಬ್ಯಾರಿ ಭಾಷೆಯಲ್ಲಿ ಉಪ್ಪ ಅಂದರೆ ತಂದೆ, ಉಮ್ಮ ಅಂದರೆ ತಾಯಿ. ಈ ಎರಡನ್ನು ಎಲ್ಲಿಂದ ತರುವುದು? ಲಿಫ್ಟ್ ಅಷ್ಟರಲ್ಲಿ ನೆಲಕ್ಕೆ ಬಂದಿರುತ್ತದೆ, ಹೊರಗೆ ಯಾರೋ ತರಕಾರಿ ಚೀಲ ಹಿಡಿದು ಕಾಯುತ್ತಿರುತ್ತಾರೆ.

ಗಲ್ಫಿನಲ್ಲಿ ಬೆಳೆದ ನಮ್ಮಂಥವರ ಗೋಳು ನಿಮಗೂ ಗೊತ್ತಿರಬಹುದು. ಹೋಗಿ ನೋಡಲಿಕ್ಕೆ ಒಂದು ಹಳೆಯ ಮನೆ ಇರುವುದಿಲ್ಲ. ಇದ್ದ ಮನೆ ನಮ್ಮದಾಗಿರಲೇ ಇಲ್ಲ. ನಾನು ಬೆಳೆದದ್ದು ದೋಹಾದ ಪಕ್ಕದ ಮುಐದರ್‌ನ ಒಂದು ದೊಡ್ಡ ವಿಲ್ಲಾದ ಹಿತ್ತಿಲಲ್ಲಿ, ಎರಡು ಕೋಣೆಯ ಒಂದು ಮನೆಯಲ್ಲಿ. ವಿಲ್ಲಾ ಒಬ್ಬ ಕತಾರಿ ಮುದುಕರದ್ದು. ಹೊರಗಿನವರಿಗೆ ಅವರು ಅಬು ರಾಶಿದ್, ಅಂದರೆ ರಾಶಿದನ ತಂದೆ. ಅಲ್ಲಿ ದುಡಿಯುವವರಿಗೆಲ್ಲ ಬಾಬಾ. ನಮ್ಮ ಕೋಣೆಗಳ ಮೇಲೆ ಒಂದು ಬೋರೆ ಮರ ಬಾಗಿಕೊಂಡಿತ್ತು, ಹಣ್ಣು ಬೀಳುವ ಕಾಲದಲ್ಲಿ ತಗಡಿನ ಮಾಡಿನ ಮೇಲೆ ಇಡೀ ದಿನ ಟಪಟಪ ಸದ್ದು. ಎ.ಸಿ.ಯ ನೀರು ಒಂದು ಡಬ್ಬಕ್ಕೆ ತೊಟ್ಟಿಕ್ಕುತ್ತಿತ್ತು, ಉಮ್ಮ ಅದನ್ನೂ ಬಿಡದೆ ಬಸಳೆಯ ಬುಡಕ್ಕೆ ಹಾಕುತ್ತಿದ್ದಳು. ಸಂಜೆಯ ಹೊತ್ತಿಗೆ ಬಾಬಾನ ಮಜ್ಲಿಸಿನಿಂದ, ಅಂದರೆ ಗಂಡಸರು ಕೂತು ಮಾತಾಡುವ ಆ ಉದ್ದ ಕೋಣೆಯಿಂದ, ಬಖೂರಿನ ಸುಗಂಧದ ಹೊಗೆ ಬರುತ್ತಿತ್ತು. ನಮ್ಮ ಕಡೆಯಿಂದ ಬಂಗುಡೆ ಹುರಿಯುವ ವಾಸನೆ ಆ ಕಡೆ ಹೋಗುತ್ತಿತ್ತು. ಬಾಬಾ ಒಂದು ದಿನವೂ ಅದಕ್ಕೆ ಮುಖ ಸಿಂಡರಿಸಿದವರಲ್ಲ. ಅವರ ಮಗ ರಾಶಿದ್ ಮಾತ್ರ ಕಾರಿನ ಗಾಜು ಏರಿಸಿಕೊಂಡು ದಾಟುತ್ತಿದ್ದ.

ಆ ಮನೆ ನಮಗೆ ಸಿಕ್ಕಿದ್ದು ನಾಯಿಯಿಂದ. ಉಪ್ಪ ಬಂಟ್ವಾಳದ ಕಡೆ ಲಾರಿ ಓಡಿಸುತ್ತಿದ್ದವರು, ಬಾಬಾನ ಮನೆಗೆ ಡ್ರೈವರ್ ಆಗಿ ಬಂದರು. ಮೊದಲ ವರ್ಷಗಳಲ್ಲಿ ಗೇಟಿನ ಪಕ್ಕದ ಡ್ರೈವರುಗಳ ಕೋಣೆಯಲ್ಲಿ ಅವರ ವಾಸ, ಉಮ್ಮ ಮತ್ತು ನಾನು ಊರಲ್ಲಿ. ಒಂದು ದಿನ ಬಾಬಾ ತಮ್ಮ ಮುರುಕು ಹಿಂದಿಯಲ್ಲಿ, "ಹಸನ್, ಕುತ್ತಾ ಮಾಲೂಮ್?" ಎಂದು ಕೇಳಿದರಂತೆ, ಅಂದರೆ ನಾಯಿ ಗೊತ್ತಾ ಎಂದು. ಗಲ್ಫಿಗೆ ಬಂದ ನಮ್ಮವರು ಯಾವ ಪ್ರಶ್ನೆಗೂ ಇಲ್ಲ ಅನ್ನುವವರಲ್ಲ. ಕ್ರೇನ್ ಗೊತ್ತಾ ಅಂದರೂ ಗೊತ್ತು, ಬಿರಿಯಾನಿ ಗೊತ್ತಾ ಅಂದರೂ ಗೊತ್ತು. ಉಪ್ಪನೂ "ಮಾಲೂಮ್ ಬಾಬಾ" ಅಂದುಬಿಟ್ಟರು. ಹುಟ್ಟಿದಂದಿನಿಂದ ಒಂದು ನಾಯಿಯನ್ನು ಮುಟ್ಟಿದವರಲ್ಲ ಪುಣ್ಯಾತ್ಮ! ನಮ್ಮ ಮನೆಗಳಲ್ಲಿ ನಾಯಿ ಅಂಗಳ ದಾಟಿದರೆ ಕಲ್ಲು ತೆಗೆದುಕೊಳ್ಳುತ್ತಿದ್ದರು. ಆದರೆ ನಾಯಿ ನೋಡಿಕೊಳ್ಳುವವನಿಗೆ ಹಿತ್ತಿಲಿನ ಎರಡು ಕೋಣೆ ಎಂದು ಮೊದಲಿನಿಂದ ನಡೆದುಬಂದಿತ್ತು, ಮನೆ ಇದ್ದವನಿಗೆ ಮಾತ್ರ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಆಗುತ್ತಿತ್ತು. ಹಾಗೆ ಉಪ್ಪ ಬಾಬಾನ ಸಲೂಕಿಗಳ ಹಗ್ಗ ಹಿಡಿದರು. ಸಲೂಕಿ ಅಂದರೆ ಅರಬರ ಉದ್ದ ಮೂತಿಯ, ಪಕ್ಕೆಲುಬು ಕಾಣುವಷ್ಟು ತೆಳ್ಳಗಿನ ಓಟದ ನಾಯಿ. ಅವುಗಳ ಬೆನ್ನ ಮೇಲೆ ಕೂತೇ ನಾವಿಬ್ಬರು ದೋಹಾಕ್ಕೆ ಬಂದದ್ದು ಎಂದು ಉಮ್ಮ ಹೇಳಿ ನಗುತ್ತಿದ್ದಳು.

ಉಮ್ಮ ನಗುವವಳು, ಆದರೆ ಶುದ್ಧ ಅಶುದ್ಧದ ವಿಷಯಕ್ಕೆ ಬಂದರೆ ಬೆಂಕಿ. ಬೇಟೆಗೆ ನಾಯಿ ಸಾಕಲು ಧರ್ಮದಲ್ಲಿ ಅನುಮತಿ ಉಂಟು, ಅದು ಅವಳಿಗೂ ಗೊತ್ತು. "ನಾಯಿಗೆ ಅನುಮತಿ ಉಂಟು, ಅದರ ಜೊಲ್ಲಿಗೆ ಇಲ್ಲ," ಅನ್ನುತ್ತಿದ್ದಳು. ನಾಯಿಯ ಜೊಲ್ಲು ತಾಗಿದ ಕೈಯನ್ನು ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಕಲಸಿದ ನೀರಿನಲ್ಲಿ. ಹೊರಗಿನ ನಲ್ಲಿಯ ಹತ್ತಿರ ಒಂದು ಬಕೆಟ್ ನೀರು, ಪಕ್ಕದಲ್ಲಿ ಬೋರೆ ಮರದ ಬುಡದಿಂದ ತೆಗೆದು ಜರಡಿ ಹಿಡಿದ ಮರಳು, ಮೊಳೆಗೆ ನೇತುಹಾಕಿದ ಒಗೆದ ಲುಂಗಿ. ಉಪ್ಪ ಕುಕ್ಕರುಗಾಲಲ್ಲಿ ಕೂತು ಕೈ ಚಾಚುತ್ತಿದ್ದರು, ಉಮ್ಮ ತಂಬಿಗೆಯಲ್ಲಿ ಹೊಯ್ಯುತ್ತಿದ್ದಳು, ಲೆಕ್ಕ ಹೇಳುವುದು ನನ್ನ ಕೆಲಸ. ನಾನು ಕೆಲವೊಮ್ಮೆ ಬೇಕೆಂದೇ ನಾಲ್ಕರ ನಂತರ ಮೂರು ಅನ್ನುತ್ತಿದ್ದೆ, ಉಪ್ಪ ಕಣ್ಣು ಮಿಟುಕಿಸುತ್ತಿದ್ದರು. ಚಳಿಗಾಲದಲ್ಲಿ ಅವರ ಬೆರಳ ಸಂದಿಗಳು ಬಿರಿದು ರಕ್ತ ಜಿನುಗುತ್ತಿತ್ತು. ಒಳಗೆ ಬಂದ ಮೇಲೆ ಉಮ್ಮ ಅವರ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ತೆಂಗಿನೆಣ್ಣೆ ತಿಕ್ಕುತ್ತಿದ್ದಳು. ಪ್ರೀತಿ ಅಂತ ಆ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳಿದ್ದು ನೆನಪಿಲ್ಲ. ಎಣ್ಣೆ ಬಾಟಲಿ ಮಾತ್ರ ಬೇಗ ಖಾಲಿಯಾಗುತ್ತಿತ್ತು.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಬಾಬಾನಿಗೆ ಪಾರ್ಶ್ವವಾಯು ಬಡಿಯಿತು. ದೊಡ್ಡದಲ್ಲ, ಕೋಲು ಹಿಡಿದು ನಡೆಯುವಷ್ಟು ಚೇತರಿಸಿಕೊಂಡರು. ಆದರೆ ನಾಲಗೆ ನಿಧಾನವಾಯಿತು. ಒಂದು ಶಬ್ದ ಹೊರಗೆ ಬರಬೇಕಾದರೆ ಅವರ ಕುತ್ತಿಗೆಯ ನರ ಉಬ್ಬುತ್ತಿತ್ತು, ಕೇಳುವವರು ಉಸಿರು ಹಿಡಿದು ನಿಲ್ಲಬೇಕಿತ್ತು. ಮರುಭೂಮಿಗೆ ಟೆಂಟು ಕಟ್ಟಿಕೊಂಡು ಹೋಗುವ ಬೇಟೆ ಅಲ್ಲಿಗೆ ಖಲಾಸ್. ಸಲೂಕಿಗಳನ್ನು ಯಾರಿಗೋ ಕೊಟ್ಟರು. ಬೇಟೆಯ ಗಿಡುಗ ಒಂದನ್ನು ಮಾತ್ರ ಬಿಡಲು ಅವರಿಗೆ ಮನಸ್ಸಾಗಲಿಲ್ಲ. ಚರ್ಮದ ಕೈಗವಸಿನ ಮೇಲೆ ಅದನ್ನು ಕೂರಿಸಿಕೊಂಡು ಮಜ್ಲಿಸಿನ ಹೊರಗೆ ಗಂಟೆಗಟ್ಟಲೆ ಕೂತಿರುತ್ತಿದ್ದರು. ಗಿಡುಗದ ಕಣ್ಣಿಗೆ ಹಾಕುವ ಪುಟ್ಟ ಚರ್ಮದ ಟೊಪ್ಪಿಗೆ ಅಲ್ಲಿ ಬುರ್ಖಾ ಎಂದೇ ಹೆಸರು. "ನೋಡು, ಇಲ್ಲಿ ಹಕ್ಕಿಗೂ ಬುರ್ಖಾ ಬಿಡದು, ನೀನು ತಲೆಗೆ ಶಾಲು ಹಾಕ್ಲಿಕ್ಕೆ ಅಳ್ತಿ," ಎಂದು ಉಮ್ಮ ನನ್ನನ್ನು ಕೆಣಕುತ್ತಿದ್ದಳು.

ಬಾಬಾನಿಗೆ ಊರಾಚೆ ಒಂದು ತೋಟವಿತ್ತು, ಒಂಟೆ ಆಡುಗಳಿಗೆ ಮೇವು ಬೆಳೆಯುವ ಹಸಿರು ಹೊಲ. ಸೂಕಿನಿಂದ, ಅಂದರೆ ಅಲ್ಲಿನ ಸಂತೆಯಿಂದ, ಪಂಜರದಲ್ಲಿ ತಂದ ಕೌಜುಗಗಳನ್ನು ಅಲ್ಲಿ ಬಿಟ್ಟು, ಗಿಡುಗ ಹಾರಿಸಿ ಹಿಡಿಸಬಹುದು ಎಂದು ಯಾರೋ ಸಲಹೆ ಕೊಟ್ಟರು. ಆದರೆ ಮೊಣಕಾಲೆತ್ತರದ ಮೇವಿನೊಳಗೆ ಅಡಗಿದ ಹಕ್ಕಿಯನ್ನು ಹುಡುಕಲು ಮೂಗಿನ ನಾಯಿ ಬೇಕು. ರಾಶಿದ್ ಯಾರನ್ನೋ ಹಿಡಿದು ಯುರೋಪಿನಿಂದ ಎರಡು ನಾಯಿ ತರಿಸಿದ. ಅಲ್ಲಿ ಇಂಥ ನಾಯಿಗಳಲ್ಲಿ ಎರಡು ಪಂಗಡವಂತೆ. ಒಂದು, ಹಕ್ಕಿಯ ವಾಸನೆ ಹಿಡಿದ ಕೂಡಲೇ ಪೊದೆಯೊಳಗೆ ನುಗ್ಗಿ ಅದನ್ನು ಎಬ್ಬಿಸುವ ನಾಯಿ. ಇನ್ನೊಂದು, ವಾಸನೆ ಹಿಡಿದಲ್ಲೇ ಕಲ್ಲಿನ ಹಾಗೆ ನಿಂತು, ಹಕ್ಕಿ ಇರುವ ಕಡೆಗೆ ಮೂಗು ತೋರಿಸುವ ನಾಯಿ. ಒಂದು ಚಳಿಗಾಲ ಎರಡನ್ನೂ ಓಡಿಸಿ ನೋಡುವುದು, ಆಮೇಲೆ ಒಂದನ್ನು ಇಟ್ಟುಕೊಳ್ಳುವುದು ಎಂದು ಮಾತಾಯಿತು. ಎಬ್ಬಿಸುವ ನಾಯಿ ಕಂದು ಬಿಳಿ ಬಣ್ಣದ್ದು, ಜೋತುಬಿದ್ದ ಕಿವಿ, ಒಂದು ಕ್ಷಣ ಸುಮ್ಮನಿರುವ ಜಾತಿಯಲ್ಲ. ಬಾಬಾ ಅದನ್ನು ಬರ್ಗ್ ಎಂದರು, ಮಿಂಚು ಎಂದರ್ಥ. ನಿಲ್ಲುವ ನಾಯಿ ಎತ್ತರದ್ದು, ಗಂಭೀರ, ಬಿಳಿ ಮೈಮೇಲೆ ಗಾಢ ಕಂದು ಬಣ್ಣದ ಮಚ್ಚೆಗಳು. ಅದಕ್ಕೆ ವಾಗಿಫ್, ಅಂದರೆ ನಿಂತವನು, ಎಂದು ಹೆಸರಾಯಿತು. ಬರ್ಗ್ ಬೇಲಿಯ ಸಂದಿಯಿಂದ ಒಮ್ಮೆ ನನ್ನ ಕೆನ್ನೆ ನೆಕ್ಕಿ, ನಾನು ಯೂನಿಫಾರ್ಮ್ ಸಮೇತ ನಲ್ಲಿಯ ಬುಡದಲ್ಲಿ ಮಣ್ಣು ಮೆತ್ತಿಸಿಕೊಂಡದ್ದುಂಟು. ಅವತ್ತು ಲೆಕ್ಕ ಹೇಳಿದವರು ಉಪ್ಪ, ನಗು ತಡೆಯಲಾಗದೆ ಅವರೇ ತಪ್ಪಿದರು. ವಾಗಿಫ್ ಯಾರ ಹತ್ತಿರವೂ ಸಲುಗೆಯಿಂದ ಬರುತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ತೋಟಕ್ಕೆ ಹೋಗುವಾಗ ಕೆಲವೊಮ್ಮೆ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ನೀರು ಹಾಯಿಸಿದ ಮೇವಿನ ಹಸಿ ವಾಸನೆ, ದೂರದಲ್ಲಿ ಪಂಪಿನ ಸದ್ದು, ಅಂಚಿನಲ್ಲಿ ಬೀಗಿ ನಿಂತ ಖರ್ಜೂರದ ಮರಗಳು. ಮೊದಲು ಬರ್ಗ್‌ನ ಸರದಿ. ಅದು ಬಾಬಾನ ಕೋಲಿನ ಹತ್ತಿರವೇ ಅಡ್ಡಾದಿಡ್ಡಿ ಓಡುತ್ತಿತ್ತು, ದೂರ ಹೋಗುತ್ತಿರಲಿಲ್ಲ. ಯಾವ ಕ್ಷಣದಲ್ಲಿ ಎಲ್ಲಿಂದ ಕೌಜುಗ ಭರ್ರನೆ ಏಳುತ್ತದೆ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಕ್ಕಿ ಎದ್ದ ಕೂಡಲೇ ಗಿಡುಗವನ್ನು ಬಿಡಬೇಕು, ಬಿಡುವ ಮೊದಲು ಬಿಸ್ಮಿಲ್ಲಾ ಹೇಳಬೇಕು. ದೇವರ ಹೆಸರು ಹೇಳದೆ ಹಿಡಿಸಿದ ಹಕ್ಕಿ ಊಟಕ್ಕೆ ಸಲ್ಲದು. ಬಾಬಾನ ತುಟಿ "ಬಿ... ಬಿ..." ಎಂದು ನಡುಗುತ್ತಿದ್ದ ಹಾಗೆಯೇ ಗಿಡುಗ ಕೈಯಿಂದ ಕಿತ್ತುಕೊಂಡು ಹೋಗಿ ಹಕ್ಕಿಯನ್ನು ನೆಲಕ್ಕೆ ಕೆಡವಿರುತ್ತಿತ್ತು. "ಪರ್ವಾಗಿಲ್ಲ ಬಾಬಾ, ನಮ್ಮ ಊರಿನ ಉಸ್ತಾದರು ಮರೆತರೆ ದೋಷ ಇಲ್ಲ ಅಂತ ಕಲಿಸಿದ್ದಾರೆ," ಎಂದು ಉಪ್ಪ ಸಮಾಧಾನ ಹೇಳುತ್ತಿದ್ದರು. ಬಾಬಾ ತಲೆ ಅಲ್ಲಾಡಿಸುತ್ತಿದ್ದರು. "ಮರೆತದ್ದಲ್ಲ ಹಸನ್. ತಡವಾದದ್ದು." ಹಿಡಿದ ಹಕ್ಕಿಯನ್ನೆಲ್ಲ ಗಿಡುಗಕ್ಕೇ ಹಾಕಿಬಿಡುತ್ತಿದ್ದರು. ಅಷ್ಟು ದೊಡ್ಡ ಮನೆಯ ಯಜಮಾನರು, ಬೆಳಗ್ಗೆಯ ಬಿಸಿಲಲ್ಲಿ ಮುಖ ಆಚೆ ತಿರುಗಿಸಿಕೊಂಡು ನಿಂತುಬಿಡುತ್ತಿದ್ದರು.

ಆಮೇಲೆ ವಾಗಿಫ್‌ನನ್ನು ಬಿಡುತ್ತಿದ್ದರು. ಅದು ಹೊಲದ ಆ ತುದಿಯವರೆಗೆ ಹಾರಿಕೊಂಡೇ ಹೋದಂತೆ ಓಡುತ್ತಿತ್ತು, ಹಿಂದಿನಿಂದ ಸೀಟಿ ಹಿಡಿದುಕೊಂಡು ಉಪ್ಪ. ಇದ್ದಕ್ಕಿದ್ದ ಹಾಗೆ ನಿಂತುಬಿಡುತ್ತಿತ್ತು. ಒಂದು ಮುಂಗಾಲು ನೆಲದಿಂದ ಎತ್ತಿ, ಬಾಲ ನೆಟ್ಟಗೆ ಮಾಡಿ, ಮೂಗು ಮುಂದಕ್ಕೆ. ಉಪ್ಪ ಅಲ್ಲಿಂದ ಕೈ ಎತ್ತಿ ತೋರಿಸುತ್ತಿದ್ದರು. ಬಾಬಾ ಕೋಲೂರಿಕೊಂಡು, ನಡುವೆ ನಿಂತು, ದಣಿವಾರಿಸಿಕೊಂಡು ಅಲ್ಲಿಗೆ ಮುಟ್ಟುವಷ್ಟರಲ್ಲಿ ನಮ್ಮ ಮನೆಯಲ್ಲಾದರೆ ಒಂದು ಚಾ ಕುದಿದು ಇಳಿಯುತ್ತಿತ್ತು. ನಾಯಿ ಅಲುಗುತ್ತಿರಲಿಲ್ಲ. ತೊಡೆಯ ಚರ್ಮ ಮಾತ್ರ ಸಣ್ಣಗೆ ನಡುಗುತ್ತಿತ್ತು. ಬಾಬಾ ಗಿಡುಗದ ಟೊಪ್ಪಿ ತೆಗೆದು, ಕಣ್ಣು ಮುಚ್ಚಿ, "ಬಿಸ್... ಮಿಲ್... ಲಾ..." ಎಂದು ಒಂದೊಂದೇ ತುಂಡನ್ನು ಹೊರಗೆ ತಂದು, ಪೂರ್ತಿಯಾದ ಮೇಲೆ ಗಿಡುಗವನ್ನು ಹಾರಿಸಿ, ಉಪ್ಪನ ಕಡೆ ತಲೆ ಆಡಿಸುತ್ತಿದ್ದರು. ಆಗ ಉಪ್ಪ ಮುಂದೆ ಹೋಗಿ ಮೇವನ್ನು ಒದ್ದು ಹಕ್ಕಿ ಎಬ್ಬಿಸುತ್ತಿದ್ದರು. ಮೊದಲ ಸಲ ಹಾಗೆ ಹಕ್ಕಿ ಸಿಕ್ಕಿದ ದಿನ ಬಾಬಾ ಅಲ್ಲೇ ಏರಿಯ ಮೇಲೆ ಕೂತು ಅತ್ತರು. ಅವತ್ತು ಮಧ್ಯಾಹ್ನ ದೊಡ್ಡ ಮನೆಯಿಂದ ನಮಗೂ ಒಂದು ತಟ್ಟೆ ಅನ್ನ, ಮೇಲೆ ಅರ್ಧ ಕೌಜುಗ ಬಂತು. ಅಂಥ ರುಚಿ ನಾನು ಮತ್ತೆ ಉಂಡಿಲ್ಲ.

ಸೆಕೆ ಶುರುವಾಗುವ ಹೊತ್ತಿಗೆ ರಾಶಿದ್ ಗಡಿಬಿಡಿ ಮಾಡತೊಡಗಿದ. "ಯಲ್ಲಾ ಹಸನ್, ಒಂದು ನಾಯಿ ಇರಲಿ, ಒಂದು ಖಲಾಸ್. ಯಾವುದು ಅಂತ ನೀನೇ ಹೇಳು, ಬಾಬಾ ನಿನ್ನ ಮಾತು ಕೇಳ್ತಾರೆ." ಅವನು ಮುಚ್ಚುಮರೆ ಮಾಡುವವನಲ್ಲ, ಉಳಿದದ್ದನ್ನೂ ಹೇಳಿಬಿಟ್ಟ. ಬರ್ಗ್ ಉಳಿದರೆ ಅದು ತೋಟದಲ್ಲೇ ಇರುತ್ತದೆ, ತೋಟದ ಸುಡಾನಿ ನೋಡಿಕೊಳ್ಳುತ್ತಾನೆ, ಹತ್ತಿರದಲ್ಲೇ ಓಡುವ ನಾಯಿಗೆ ಹಿಂದೆ ಓಡುವ ಆಳು ಬೇಕಿಲ್ಲ. ಹಸನ್ ಮೊದಲಿನ ಹಾಗೆ ಡ್ರೈವರುಗಳ ಕೋಣೆಗೆ, ಹಿತ್ತಿಲಿನ ಮನೆ ಕೆಡವಿ ಕಾರು ನಿಲ್ಲಿಸಲು ಜಾಗ. ವಾಗಿಫ್ ಉಳಿದರೆ ಅದಕ್ಕೆ ದಿನಾ ಓಟ, ಸೀಟಿ, ಮುಂದೆ ಹೋಗಿ ಹಕ್ಕಿ ಎಬ್ಬಿಸುವವನು, ಎಲ್ಲ ಬೇಕು. ಹಸನ್ ಬೇಕು. ಹಸನ್ ಇದ್ದರೆ ನಾವೂ ಇರುತ್ತೇವೆ.

ಉಮ್ಮನಿಗೆ ಚಿಂತೆಯೇ ಇರಲಿಲ್ಲ. ಕುರುಡನಿಗೂ ಕಾಣುವ ವಿಷಯ ಇದು, ಬಾಬಾನ ನಾಲಗೆಗೆ ಕಾಯುವ ನಾಯಿ ಯಾವುದು ಎಂದು ಕೇಳಬೇಕಾ? ಅವಳು ಮುಂದಿನ ವರ್ಷಕ್ಕೆ ನನ್ನ ಯೂನಿಫಾರ್ಮಿನ ಅಂಚು ಬಿಚ್ಚಿ ಉದ್ದ ಮಾಡುತ್ತಿದ್ದಳು. ಉಪ್ಪನಿಗೆ ಮಾತ್ರ ಊಟಕ್ಕೆ ಕೂತರೆ ತುತ್ತು ಕೈಯಲ್ಲೇ ಉಳಿಯುತ್ತಿತ್ತು. ನಮಾಜು ಮುಗಿಸಿ ಚಾಪೆಯ ಮೇಲೆ ಕೂತವರು ಏಳುತ್ತಿರಲಿಲ್ಲ. "ಎಂತ ಆಯ್ತು ಮಾರಾಯ್ರೆ ನಿಮಗೆ? ಹೆಣ್ಣು ನೋಡ್ಲಿಕ್ಕೆ ಹೋದವರ ಹಾಗೆ ಕೂತಿದ್ದೀರಿ," ಎಂದು ಉಮ್ಮ ತಮಾಷೆ ಮಾಡಿದಳು. ಅವರು ನಗಲಿಲ್ಲ.

ಆ ಸಂಜೆ ಮಜ್ಲಿಸಿಗೆ ಉಪ್ಪ ನನ್ನ ಕೈ ಹಿಡಿದುಕೊಂಡು ಹೋದರು. ಚಿಕ್ಕವಳಲ್ವಾ, ನನ್ನನ್ನು ಅಲ್ಲಿ ಯಾರೂ ತಡೆಯುತ್ತಿರಲಿಲ್ಲ, ಬಾಬಾ ಖರ್ಜೂರ ಕೊಡುತ್ತಿದ್ದರು. ರಾಶಿದ್ ದಿಂಬಿಗೆ ಒರಗಿ ಫೋನು ತಿರುಗಿಸುತ್ತಿದ್ದ. ಬಾಬಾ ಕೋಲಿನ ಮೇಲೆ ಎರಡು ಕೈ ಇಟ್ಟು ಕೂತಿದ್ದರು. "ಹಸನ್... ಯಾವುದು?" ಎಂದು ಕೇಳುವಷ್ಟರಲ್ಲೇ ಅವರಿಗೆ ದಣಿವಾಯಿತು. ಉಪ್ಪ ಬಾಯಿ ತೆರೆದರು, ಮುಚ್ಚಿದರು. ನನ್ನ ಕೈ ಹಿಡಿದ ಅವರ ಬೆರಳು ಬಿಗಿಯಾಯಿತು, ಬಿರಿದ ಚರ್ಮದ ಒರಟು ಚುಚ್ಚಿ ನೋವಾಯಿತು. ಆಮೇಲೆ, "ಬರ್ಗ್, ಬಾಬಾ," ಅಂದರು. "ಹತ್ತಿರದಲ್ಲೇ ಇರುತ್ತದೆ. ನಿಮಗೆ ನಡೆಯುವುದು ಕಡಿಮೆ."

ರಾಶಿದ್ ತೊಡೆ ತಟ್ಟಿ ಎದ್ದ. ಬಾಬಾ ಏಳಲಿಲ್ಲ. ಉಪ್ಪನ ಮುಖವನ್ನೇ ನೋಡುತ್ತ ಏನೋ ಹೇಳಲು ಹೊರಟರು. ತುಟಿ ಅಲುಗಿತು, ಕುತ್ತಿಗೆಯ ನರ ಉಬ್ಬಿತು. ಉಪ್ಪ ಕಾಯಲಿಲ್ಲ. ಆ ಇಡೀ ಚಳಿಗಾಲ ಆ ಮುದುಕರ ಒಂದೊಂದು ಶಬ್ದಕ್ಕೂ ಕಾದ ನನ್ನ ಉಪ್ಪ, ಅವತ್ತು ಸಲಾಂ ಹೇಳಿ, ನನ್ನನ್ನು ಎಳೆದುಕೊಂಡು ಹೊರಗೆ ಬಂದುಬಿಟ್ಟರು. ಬಾಬಾ ಏನು ಹೇಳಲಿಕ್ಕಿದ್ದರು ಅಂತ ಯಾರಿಗೂ ಗೊತ್ತಾಗಲಿಲ್ಲ.

ಹೊರಗಿನ ನಲ್ಲಿಯ ಹತ್ತಿರ ಉಮ್ಮ ಬಕೆಟ್ ಇಟ್ಟು ಕಾಯುತ್ತಿದ್ದಳು. ಸುದ್ದಿ ಕೇಳಿ ತಂಬಿಗೆ ಕೆಳಗಿಟ್ಟಳು. ಅವರು ಮಾತಾಡಿದ್ದು ಬ್ಯಾರಿಯಲ್ಲಿ, ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ, ಕನ್ನಡದಲ್ಲಿ ಹೇಳಿದರೂ ಆ ಮಾತಿನ ಖಾರ ಕಡಿಮೆಯಾಗುವುದಿಲ್ಲ. "ಊರಿಗೆ ಉಪಕಾರಿ, ಮನೆಗೆ ಮಾರಿ," ಅಂದಳು ಮೊದಲು. ಉಪ್ಪ ಕುಕ್ಕರುಗಾಲಲ್ಲಿ ಕೂತು ಒಣ ಕೈ ಚಾಚಿಕೊಂಡೇ ಹೇಳಿದರು: "ವಾಗಿಫ್ ಅಂತ ಹೇಳ್ಲಿಕ್ಕೇ ಬಾಯಿ ತೆಗ್ದೆ. ಆಗ ಈ ಎರಡು ಕೋಣೆ ಕಣ್ಣೆದುರು ಬಂತು. ನೀನು, ಇವಳ ಶಾಲೆ, ಎಲ್ಲ ಬಂತು. ನಾನು ಆ ಮನುಷ್ಯನಿಗೋಸ್ಕರ ಹೇಳುವುದಾ, ನಮ್ಮ ಮನೆಗೋಸ್ಕರ ಹೇಳುವುದಾ, ನನಗೇ ಗೊತ್ತಾಗ್ಲಿಲ್ಲ. ನಿಯ್ಯತ್, ಮನಸ್ಸಿನ ಉದ್ದೇಶ, ಸರಿ ಇಲ್ಲದ ಮಾತನ್ನು ಹೇಗೆ ಹೇಳುವುದು?" ಉಮ್ಮ ಕಿರುಚಿದ್ದರೆ ಒಳ್ಳೆಯದಿತ್ತು. "ನಮಗೆ ಲಾಭ ಆಗುವುದಾದ್ರೆ ಸತ್ಯವೂ ಹರಾಮಾ ನಿಮಗೆ?" ಎಂದು ಮೆಲ್ಲಗೆ ಕೇಳಿ ಒಳಗೆ ಹೋದಳು. ಅವತ್ತು ಉಪ್ಪ ತಾವೇ ನೀರು ಹೊಯ್ದುಕೊಂಡು ಕೈ ತೊಳೆದರು. ನಾನು ಲೆಕ್ಕ ಹೇಳಲಿಲ್ಲ.

ವಾಗಿಫ್‌ನನ್ನು ಯಾರೋ ಫ್ರೆಂಚ್ ಎಂಜಿನಿಯರ್ ಬಂದು ಕರೆದುಕೊಂಡು ಹೋದ. ವ್ಯಾನಿನ ಹಿಂದಿನ ಬಾಗಿಲು ತೆರೆದರೂ ಅದು ಹತ್ತಲಿಲ್ಲ. ಬೋರೆ ಮರದ ಕೆಳಗೆ ನಿಂತು ಉಪ್ಪನ ಕಡೆಗೇ ಮೂಗು ಮಾಡಿಕೊಂಡಿತ್ತು. ಕೊನೆಗೆ ಉಪ್ಪನೇ ಎತ್ತಿ ಒಳಗಿಟ್ಟರು. ಶಾಲೆಗೆ ರಜೆ ಬಂದಾಗ ನಾವೂ ಹೊರಟೆವು. ವಿಮಾನ ನಿಲ್ದಾಣದಲ್ಲಿ ಉಪ್ಪ ನನ್ನ ತಲೆಯ ಮೇಲೆ ಕೈ ಇಟ್ಟು, "ಮೋಲೇ, ಚೆನ್ನಾಗಿ ಓದು," ಅಂದರು. ಅಷ್ಟೇ. ಬಂಟ್ವಾಳದ ಹತ್ತಿರ ಉಮ್ಮನ ತವರಿನ ಹಿಂಬದಿಯ ಕೋಣೆಯಲ್ಲಿ ನಾನು ದೊಡ್ಡವಳಾದೆ. ಕನ್ನಡ ಶಾಲೆಗೆ ಸೇರಿ, ಮೊದಮೊದಲು ಅಕ್ಷರಕ್ಕೆ ತಡವರಿಸಿ, ಆಮೇಲೆ ಅದರಲ್ಲೇ ಮುಳುಗಿದೆ. ಉಪ್ಪ ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಿದ್ದರು, ಅತ್ತರಿನ ಬಾಟಲಿ, ಚಾಕಲೇಟು ತರುತ್ತಿದ್ದರು, ನಾನು ಅವರ ಎದುರು ಶಾಲು ಸರಿಮಾಡಿಕೊಂಡು ನೆಂಟರ ಹಾಗೆ ಕೂತಿರುತ್ತಿದ್ದೆ. ಉಮ್ಮ ಅವರ ಕೈಗೆ ಮತ್ತೆ ಎಣ್ಣೆ ತಿಕ್ಕಿದ್ದನ್ನು ನಾನು ನೋಡಲಿಲ್ಲ. ಆ ಕೈಗಳಿಗೆ ಈಗ ಬರೇ ಕಾರಿನ ಪಾಲಿಶಿನ ವಾಸನೆ.

ಬಾಬಾನ ಕಥೆಯನ್ನು ಉಪ್ಪ ಒಂದು ರಜೆಯಲ್ಲಿ ತುಂಡು ತುಂಡಾಗಿ ಹೇಳಿದರು. ಮುಂದಿನ ಚಳಿಗಾಲ ಬಾಬಾ ಬರ್ಗ್‌ನ ಜೊತೆ ಒಂದೆರಡು ಶುಕ್ರವಾರ ಹೊಲಕ್ಕೆ ಹೋದರಂತೆ. ಹಕ್ಕಿ ಎದ್ದಿತು, ಗಿಡುಗ ಹಾರಿತು, ಬಿಸ್ಮಿಲ್ಲಾ ಬಾಯಲ್ಲೇ ಉಳಿಯಿತು. ಆಮೇಲೆ ಗಿಡುಗವನ್ನೂ ಕೊಟ್ಟುಬಿಟ್ಟರು. ಆಮೇಲೆ ಮಾತಾಡುವ ಪ್ರಯತ್ನವನ್ನೂ ಬಿಟ್ಟರು. ಒಂದು ಬೇಸಿಗೆಯಲ್ಲಿ ತೀರಿಕೊಂಡರು, ಉಪ್ಪ ಮಣ್ಣು ಹಾಕಿ ಬಂದರು. ಇದನ್ನು ಕೇಳುವಾಗ ನನಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚು ಬಂತು, ಮುಚ್ಚಿಡುವುದು ಯಾಕೆ? ಒಂದು ಶಬ್ದ ಸಾಕಿತ್ತು. ಆ ಒಂದು ಶಬ್ದ ನಿಜವೂ ಆಗಿತ್ತು, ಬಾಬಾನಿಗೂ ಅದೇ ಬೇಕಿತ್ತು, ನಮಗೂ ಅದೇ ಬೇಕಿತ್ತು. ತನ್ನ ಮನಸ್ಸು ಶುದ್ಧವಾಗಿರಬೇಕೆಂದು ಈ ಮನುಷ್ಯ ಎಲ್ಲರನ್ನೂ ತೊಳೆದುಬಿಟ್ಟರಲ್ಲ ಎಂದು ಎಷ್ಟು ಸಲ ಮನಸ್ಸಿನೊಳಗೆ ಜಗಳವಾಡಿದ್ದೇನೋ ಲೆಕ್ಕವಿಲ್ಲ. ಎದುರು ನಿಂತು ಕೇಳುವ ಧೈರ್ಯ ಮಾತ್ರ ಬರಲಿಲ್ಲ. ಉಮ್ಮ ತೀರಿಕೊಂಡಾಗ ಆ ಜಗಳದ ಅವಳ ಪಾಲು ಕೂಡ ನನಗೇ ಬಂತು.

ಮದುವೆಯಾಗಿ ನಾನು ಮತ್ತೆ ಇಲ್ಲಿಗೇ ಬಂದೆ, ಅನ್ನದ ಋಣ ಅಂತಾರಲ್ಲ ಹಾಗೆ. ಮುಐದರ್‌ಗೆ ಒಮ್ಮೆ ಹೋಗಿ ನೋಡಿದೆ. ವಿಲ್ಲಾ ಇದ್ದಲ್ಲಿ ಒಂದೇ ಥರದ ಮನೆಗಳ ಸಾಲು, ಬೋರೆ ಮರ ಯಾವ ಕಡೆ ಇತ್ತು ಅಂತಲೂ ಹೇಳಲಾಗಲಿಲ್ಲ. ಕೆಲಸ ಬಿಟ್ಟು ಊರು ಸೇರಿದ್ದ ಉಪ್ಪನಿಗೆ ಬಾಬಾನಿಗೆ ಬಂದ ಕಾಯಿಲೆಯೇ ಬಂತು, ಹಾಗೇ ಕೋಲು, ಹಾಗೇ ನಾಲಗೆ. ನೋಡಿಕೊಳ್ಳುವವರಿಲ್ಲದೆ ಅವರನ್ನು ಅಲ್ ವುಕೈರ್‌ಗೆ ಕರೆಸಿಕೊಂಡೆವು. ಊಟಕ್ಕೆ ಕೂತರೆ ಬಿಸ್ಮಿಲ್ಲಾ ಹೇಳದೆ ಅನ್ನ ಮುಟ್ಟುವವರಲ್ಲ, ಹೇಳಿ ಮುಗಿಸಲು ಹೊತ್ತು ಬೇಕು. ನನ್ನ ಮಗ ಮೊದಲ ದಿನವೇ, "ಮಮ್ಮಾ, ಅಜ್ಜ ವೀಡಿಯೊ ಹಾಗೆ ಬಫರ್ ಆಗ್ತಾ ಇದ್ದಾರೆ," ಎಂದು ನಕ್ಕ. ನನಗೆ ಎಲ್ಲಿಂದ ಬಂತೋ ಕೋಪ, ಅವನ ಕೈಯನ್ನು ತಟ್ಟೆಯ ಮೇಲೆ ಗಾಳಿಯಲ್ಲೇ ಹಿಡಿದು ನಿಲ್ಲಿಸಿದೆ. "ನಿಲ್ಲು. ಅಜ್ಜಂದು ಆಗ್ಲಿ." ಅವತ್ತಿನಿಂದ ಅದೇ ಕ್ರಮವಾಯಿತು. ನಾವು ಮೂವರೂ ಕೈಯನ್ನು ಅನ್ನದ ಮೇಲೆ ಹಿಡಿದುಕೊಂಡು, ಅಲುಗದೆ, ಅವರ ಬಾಯಿಯನ್ನೇ ನೋಡುತ್ತ ಕಾಯುತ್ತಿದ್ದೆವು. ಅನ್ನದ ಹಬೆ ಅಂಗೈಗೆ ಬಡಿಯುತ್ತಿತ್ತು.

ಒಂದು ಶುಕ್ರವಾರ ಮಧ್ಯಾಹ್ನ, ಜುಮಾ ನಮಾಜು ಮುಗಿಸಿ ಬಂದು ಎಲ್ಲರೂ ಕೂತಿದ್ದೆವು. ಉಪ್ಪ ಬಿಸ್ಮಿಲ್ಲಾ ಹೇಳಿ ಮುಗಿಸಿದರು, ಆದರೆ ಅನ್ನಕ್ಕೆ ಕೈ ಹಾಕಲಿಲ್ಲ. ತಟ್ಟೆಗಳ ಮೇಲೆ ನಿಂತ ನಮ್ಮ ಕೈಗಳನ್ನು ಒಂದೊಂದಾಗಿ ನೋಡಿದರು. ಅವರ ಕುತ್ತಿಗೆಯ ನರ ಉಬ್ಬಿತು. ಈ ಸಲ ನಾನು ಕಾದೆ, ಎಷ್ಟು ಹೊತ್ತಾದರೂ ಆಗಲಿ ಎಂದು ಕಾದೆ. "ವಾಗಿಫ್... ಅಂತ..." ಎಂದು ನಿಂತರು. ಉಗುಳು ನುಂಗಿದರು. "ಹೇಳ್... ಬೇಕಿತ್ತು." ಗಂಡನಿಗೂ ಮಗನಿಗೂ ಅರ್ಥವಾಗಲಿಲ್ಲ. ನಾನು ಎಷ್ಟೋ ವರ್ಷದಿಂದ ಒಳಗೆ ಕಟ್ಟಿಟ್ಟುಕೊಂಡ ಜಗಳದಲ್ಲಿ ಒಂದು ಮಾತಾದರೂ ಆಗ ಬಾಯಿಗೆ ಬರಬೇಡವೇ? ಗೆದ್ದೆ ಅಂತ ಅನ್ನಿಸಲೇ ಇಲ್ಲ. "ಅನ್ನ ತಣೀತದೆ ಉಪ್ಪ, ಉಣ್ಣಿ," ಅಂದೆ. ಅವರು ಉಂಡರು. ಊಟವಾದ ಮೇಲೆ ಅಡುಗೆಮನೆಯಿಂದ ತೆಂಗಿನೆಣ್ಣೆ ತಂದು ಅವರ ಕೈಗೆ ತಿಕ್ಕಿದೆ. ಬಿರುಕುಗಳು ಯಾವತ್ತೋ ಮಾಸಿದ್ದವು, ಚರ್ಮ ಮಗುವಿನದರಂತೆ ಮೆತ್ತಗಾಗಿತ್ತು.

ಆ ಬೇಸಿಗೆ ಮುಗಿಯುವ ಮೊದಲು ಉಪ್ಪ ಹೋದರು. ಅಬು ಹಮೂರಿನ ಖಬರಸ್ತಾನದಲ್ಲಿ ಮಣ್ಣು ಮಾಡಿದೆವು. ಬಾಬಾನೂ ಅಲ್ಲೇ ಎಲ್ಲೋ ಇದ್ದಾರೆ, ಹೆಸರಿನ ಕಲ್ಲು ನಿಲ್ಲಿಸುವ ರೂಢಿ ಇಲ್ಲದ್ದರಿಂದ ಯಾವ ಸಾಲು ಎಂದು ನನಗೆ ಗೊತ್ತಿಲ್ಲ. ಮನೆಯಲ್ಲಿ ಈಗ ನಾವು ಮೂವರೇ. ಊಟಕ್ಕೆ ಕೂತಾಗ ಮಗ ಗಡಿಬಿಡಿಯಲ್ಲಿ ಬಿಸ್ಮಿಲ್ಲಾ ಹೇಳಿ ಕೈ ಚಾಚುತ್ತಾನೆ, ಆ ಕೈ ಅನ್ನದ ಮೇಲೆ ಹೋಗಿ ತಾನಾಗಿಯೇ ನಿಲ್ಲುತ್ತದೆ. ಅವನ ಕೈ ನೋಡಿ ಅವನ ತಂದೆಯದೂ ನಿಲ್ಲುತ್ತದೆ, ನನ್ನದೂ. ಖಾಲಿ ಕುರ್ಚಿಯ ಕಡೆಗೆ ಒಂದು ಸಲ ನೋಡಿ, ಆಮೇಲೆ ನಾನೇ "ಉಣ್ಣಿ" ಅನ್ನುತ್ತೇನೆ.